ಪವಿತ್ರ ಕಾಡು ಯಾರದು?

ಪಟ್ಟಣದ ಸಭಾಂಗಣಗಳಲ್ಲಿ ವಿಜ್ಞಾನಿಗಳೂ ಧರ್ಮಗುರುಗಳೂ ಕೂತು ‘ಪವಿತ್ರ ತಾಣ’ಗಳನ್ನು ಉಳಿಸೋ ಮಾತಾಡ್ತಾರೆ. ಆಡಲಿ. ಆದರೆ ‘ಪವಿತ್ರ’ ಅಂದಾಕ್ಷಣ ನಮಗೆ ಮೈ ಉರಿಯುತ್ತೆ. ನಮ್ಮನ್ನು ಗುಡಿಯಿಂದ, ಬಾವಿಯಿಂದ ಹೊರಗೆ ನಿಲ್ಲಿಸಿದ್ದು ಇದೇ ಪದ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪವಿತ್ರ ಬೇರೆ. ಅವರ ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳು ಕಾಡಿನ ಉದ್ದಗಲಕ್ಕೂ ಇವೆ. ದೊಡ್ಡ ಸಂಪಿಗೆ ಮರವೇ ದೇವರು. ಬೆಟ್ಟದ ರಂಗನಾಥ ಅವರ ಹುಡುಗಿ ಕುಸುಮಾಲೆಯನ್ನು ಕಟ್ಟಿಕೊಂಡವನು, ಹಾಗಾಗಿ ಭಾವ. (ದೇವರನ್ನ ಭಾವ ಅನ್ನೋ ಧೈರ್ಯ ಯಾವ ಶಾಸ್ತ್ರಿಗಿದೆ?)

1974ರಲ್ಲಿ ಅದನ್ನು ಅಭಯಾರಣ್ಯ ಅಂದರು. ಅಭಯ ಯಾರಿಗೆ? ಸೋಲಿಗರನ್ನು ಪೋಡುಗಳಿಂದ ಎಬ್ಬಿಸಿದರು. ಅವರು ತರಗಿಗೆ ಹಚ್ಚುತ್ತಿದ್ದ ಸಣ್ಣ ಬೆಂಕಿಯನ್ನೂ ನಿಲ್ಲಿಸಿದರು. ಬೆಂಕಿ ನಿಂತಿತು, ಲಂಟಾನ ಎದ್ದಿತು. ಆ ಬೆಂಕಿಯೇ ಲಂಟಾನವನ್ನೂ ನೆಲ್ಲಿಮರದ ಬಂದಳಿಕೆಯನ್ನೂ ಹದ್ದಿನಲ್ಲಿಡ್ತಿತ್ತು ಅಂತ ಮುದುಕರು ಹೇಳಿದರೆ ಅಜ್ಜಿಕತೆ. ಅದೇ ಮಾತು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದರೆ ಜ್ಞಾನ!

2011ರ ಜನವರಿಯಲ್ಲಿ ಹುಲಿ ಮೀಸಲು ಅಂದರು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಸೋಲಿಗರು ಹೋರಾಡಿ ಸಮುದಾಯ ಹಕ್ಕು ಪಡೆದರು. ಹುಲಿಯೇನೂ ಗುಳೆ ಹೋಗಲಿಲ್ಲ.

ಕೆಲವು ಸಂಶೋಧಕರು ಸೋಲಿಗರ ಹಿಂದೆ ನಡೆದು ಈ ತಾಣಗಳ ನಕ್ಷೆ ಮಾಡಿದ್ದಾರೆ, ಅವರಿಗೆ ಶರಣು. ಉಳಿದ ಸ್ವಾಮಿಗಳೇ, ಸಾಹೇಬರೇ, ಸಂವಾದ ಬೇಕಾದರೆ ಪೋಡಿಗೆ ಬನ್ನಿ. ನೆಲದ ಮೇಲೆ ಕೂತ್ಕೊಳ್ಳಿ. ಮೊದಲು ಅವರು ಮಾತಾಡ್ತಾರೆ, ನೀವು ಬರ್ಕೊಳ್ಳಿ.