ಹಲ್ಲಿನ ಕಲೆಗೆ ಇಟ್ಟಂಗಿ ಪುಡಿ ಬೇಡ

ಗುಡೂರಿನಿಂದ ಆರನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ದಿನಾ ಎರಡು ಸಲ ತಿಕ್ಕಿದರೂ ಮುಂದಿನ ಹಲ್ಲುಗಳ ಮೇಲಿನ ಕಂದು ಪಟ್ಟಿ ಹೋಗುತ್ತಿಲ್ಲವಂತೆ. ಗೆಳತಿಯರು ‘ಹಲ್ಲು ತಿಕ್ಕೂದಿಲ್ಲೇನ ನೀ?’ ಎಂದು ಕಾಡುತ್ತಾರಂತೆ. ಮನೆಯಲ್ಲಿ ಅಜ್ಜಿ ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿಸುತ್ತಿದ್ದಾರೆ. ಶಾಲೆಯ ಫೋಟೊದಲ್ಲಿ ಅವಳು ಬಾಯಿ ಬಿಗಿದುಕೊಂಡೇ ನಿಂತಳಂತೆ.

ತಂಗೀ, ಈ ಪುಟವನ್ನು ನಿನ್ನ ಗೆಳತಿಯರಿಗೂ ಓದಿ ತೋರಿಸು. ನೀನು ಹೇಳುವಂಥ ಕಲೆ ಸಾಮಾನ್ಯವಾಗಿ ಕೊಳೆ ಅಲ್ಲ. ಹಲ್ಲು ಇನ್ನೂ ವಸಡಿನ ಒಳಗೆ ತಯಾರಾಗುತ್ತಿದ್ದಾಗಲೇ ಬಿದ್ದ ಗುರುತು ಅದು. ನಿಮ್ಮ ಭಾಗದಲ್ಲಿ ಇಳಕಲ್ಲಿನ ಕೆಂಪು ಕಲ್ಲು ಎಲ್ಲರಿಗೂ ಗೊತ್ತು. ಅಂಥ ಗ್ರಾನೈಟ್ ಬಂಡೆಯ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಆಳದ ನೀರು ಬಂಡೆಯ ಸಂದಿನಲ್ಲಿ ಬಹುಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಹುನಗುಂದ–ಇಳಕಲ್ಲ ಸೀಮೆಯ ಹಲವು ಬೋರುಗಳ ನೀರಿನಲ್ಲಿ ಅದು ಮಿತಿಗಿಂತ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ನಮ್ಮ ದೇಶದ ಮಾನದಂಡ.

ಮುಂದಿನ ಹಲ್ಲು ಬರುವುದು ಆರು–ಏಳು ವರ್ಷಕ್ಕೆ. ಆದರೆ ಅದರ ಬಿಳಿ ಕವಚ ಸಿದ್ಧವಾಗುವುದು ಹುಟ್ಟಿದ ಮೊದಲ ನಾಲ್ಕೈದು ವರ್ಷಗಳಲ್ಲಿ. ಅಂದರೆ ಇಂದು ಕಾಣುವ ಪಟ್ಟಿ ನೀನು ಅಂಗನವಾಡಿಗೆ ಹೋಗುತ್ತಿದ್ದಾಗ ಕುಡಿದ ನೀರಿನದು. ಇದರಲ್ಲಿ ನಿನ್ನ ತಪ್ಪೇನು ಬಂತು?

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನಲ್ಲೂ ಮಕ್ಕಳ ಹಲ್ಲು ಹೀಗೇ ಇತ್ತು. 1901ರಲ್ಲಿ ಅಲ್ಲಿಗೆ ಬಂದ ಫ್ರೆಡರಿಕ್ ಮೆಕೆ ಎಂಬ ಹಲ್ಲಿನ ವೈದ್ಯರು ಕಾರಣ ಹುಡುಕುತ್ತ ಮೂವತ್ತು ವರ್ಷ ಕಳೆದರು. ನೀರಿನ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. ಆ ಕಂದು ಹಲ್ಲುಗಳು ಹುಳುಕಾಗುವುದು ಕಡಿಮೆ ಎಂಬುದನ್ನೂ ಅವರು ಕಂಡಿದ್ದರು. ತೀರ ಸ್ವಲ್ಪವಿದ್ದರೆ ಹಲ್ಲು ಕಾಯುವ ವಸ್ತುವೇ ಹೆಚ್ಚಾದರೆ ಕೆಡಿಸುತ್ತದೆ, ನೋಡಿ. ಹಾಗೆಂದು ಕಲೆ ಇರುವ ಹಲ್ಲಿಗೆ ಹುಳುಕು ಬರುವುದೇ ಇಲ್ಲ ಎಂದುಕೊಳ್ಳಬೇಡಿ.

ಎರಡನ್ನೂ ಗುರುತಿಸುವುದು ಹೇಗೆ? ಮಕ್ಕಳು ಬಂದಾಗ ನಾನು ಮೊದಲು ಎಡ–ಬಲ ಹೋಲಿಸುತ್ತೇನೆ. ಫ್ಲೋರೈಡ್ ಕಲೆ ಎರಡೂ ಬದಿಯ ಜೋಡಿ ಹಲ್ಲುಗಳ ಮೇಲೆ ಅಡ್ಡಗೆರೆಯಂತೆ ಇರುತ್ತದೆ, ನೋಯುವುದಿಲ್ಲ. ಹುಳುಕು ಹಾಗಲ್ಲ. ಒಂದು ಹಲ್ಲಿನ ಗುಳಿಯಲ್ಲೋ ಸಂದಿಯಲ್ಲೋ ಕಪ್ಪಾಗಿ ಶುರುವಾಗಿ ತೂತು ಬೀಳುತ್ತದೆ, ತಣ್ಣೀರು ಕುಡಿದರೆ ಝುಮ್ಮೆನ್ನುತ್ತದೆ. ಇದಕ್ಕೆ ತಡಮಾಡಬಾರದು, ಹಾಲುಹಲ್ಲಾದರೂ ಸರಿ. ‘ಹೆಂಗೂ ಬೀಳೋ ಹಲ್ಲು’ ಎಂದು ಬಿಟ್ಟರೆ ಕೀವು ಕೆಳಗಿನ ಹೊಸ ಹಲ್ಲಿಗೂ ತಾಗಬಹುದು.

ಅಜ್ಜಿಯವರಿಗೆ ಒಂದು ಮಾತು. ಇಟ್ಟಂಗಿ ಪುಡಿ, ಬೂದಿ, ಇದ್ದಿಲು ಯಾವುದೂ ಈ ಕಲೆ ತೆಗೆಯುವುದಿಲ್ಲ. ಹಲ್ಲಿನ ಕವಚ ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಮಿಶ್ರಿಯಂತೂ ತಂಬಾಕು, ಮೊಮ್ಮಕ್ಕಳಿಗೆ ಕೊಡಲೇಬೇಡಿ, ನೀವೂ ಬಿಟ್ಟರೆ ನನಗೆ ಸಂತೋಷ. ಕಲೆಯನ್ನು ತಿಳಿ ಮಾಡಲು, ಮೇಲೆ ಹಲ್ಲಿನ ಬಣ್ಣದ ಲೇಪ ಹಾಕಲು ಹಲ್ಲಿನ ವೈದ್ಯರಿಗೆ ಬರುತ್ತದೆ. ಅದಕ್ಕೆ ಅವಸರವಿಲ್ಲ.

ಅವಸರ ಇರುವುದು ಮನೆಯ ಚಿಕ್ಕ ಕೂಸುಗಳ ವಿಷಯದಲ್ಲಿ. ಎಂಟು ವರ್ಷದೊಳಗಿನವರಿಗೆ ಯಾವ ನೀರು ಕೊಡುತ್ತಿದ್ದೀರಿ? ನೀರು ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಹೊಳೆಯ ನೀರಿನ ನಳ, ಶುದ್ಧ ನೀರಿನ ಘಟಕ, ಸ್ವಚ್ಛವಾಗಿ ಹಿಡಿದಿಟ್ಟ ಮಳೆನೀರು ಇವುಗಳಲ್ಲಿ ಸಿಕ್ಕಿದ್ದನ್ನು ಕುಡಿಯಲು, ಅಡಿಗೆಗೆ ಇಟ್ಟುಕೊಳ್ಳಿ. ಬೋರಿನ ನೀರು ಬಟ್ಟೆ, ಪಾತ್ರೆಗೆ ಸಾಕು. ಜಲಜೀವನ ಯೋಜನೆಯಲ್ಲಿ ಊರಿನ ಹೆಣ್ಣುಮಕ್ಕಳಿಗೇ ನೀರು ಪರೀಕ್ಷೆ ಕಲಿಸುತ್ತಾರೆ. ನಿಮ್ಮ ಬೋರಿನ ಲೆಕ್ಕ ಏನಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಪೇಸ್ಟು ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ನುಂಗದೆ ಉಗುಳುವವರೆಗೂ ಪಕ್ಕದಲ್ಲಿ ದೊಡ್ಡವರೊಬ್ಬರು ನಿಂತಿರಲಿ.