ಚಂದ್ರನ ಬಯಲಿನಲ್ಲಿ ಒಂದು ಲೋಹದ ಗುಂಡು

ಹಡಗಲಿಯ ಸೀಮೆಯಲ್ಲಿ ತುಂಬಿ ಹರಿಯುವ ತುಂಗಭದ್ರೆಗೆ ಕೋಲೊಂದನ್ನು ನೆಟ್ಟರೆ ಅದರ ಮುಂದೆ ನೀರು ಉಬ್ಬುತ್ತದೆ, ಹಿಂದೆ ಸುಳಿಗಟ್ಟುತ್ತದೆ. ಹೊಳೆಯನ್ನು ಅಳೆಯಹೋದ ಕೋಲು ಹೊಳೆಯನ್ನೇ ಕದಡಿಬಿಡುತ್ತದೆ. ಚಂದ್ರನ ಮೇಲೆ ಭಾರತದ ವಿಜ್ಞಾನಿಗಳು ಎದುರಿಸಬೇಕಾಗಿ ಬಂದುದೂ ಇದೇ ಬಗೆಯ ತೊಡಕನ್ನು.

ಸೂರ್ಯನಿಂದ ಸದಾ ಹೊರಚಿಮ್ಮುವ ವಿದ್ಯುತ್ಕಣಗಳ ಗಾಳಿ ಸೆಕೆಂಡಿಗೆ ಸುಮಾರು 400 ಕಿಲೋಮೀಟರು ವೇಗದಲ್ಲಿ ಬೀಸುತ್ತದೆ. ವೇಗವೇನೋ ಭಯಂಕರ; ಸಾಂದ್ರತೆಯಾದರೋ ಘನ ಸೆಂಟಿಮೀಟರಿಗೆ ಬೆರಳೆಣಿಕೆಯಷ್ಟು ಕಣಗಳು. ಇಂತಹ ಅನಿಲಕ್ಕೆ 1928ರಲ್ಲಿ ‘ಪ್ಲಾಸ್ಮಾ’ ಎಂದು ಹೆಸರಿಟ್ಟವರು ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್. ಅದನ್ನು ಅಳೆಯಲು ಅವರು ಬಳಕೆಗೆ ತಂದ ಉಪಾಯ ನಗು ಬರುವಷ್ಟು ಸರಳವಾದುದು. ಲೋಹದ ತುಂಡೊಂದನ್ನು ಪ್ಲಾಸ್ಮಾದೊಳಗೆ ಚಾಚಿ, ಅದರ ವೋಲ್ಟೇಜನ್ನು ಏರಿಳಿಸುತ್ತ, ಹರಿದುಬರುವ ವಿದ್ಯುತ್ತನ್ನು ಗುರುತಿಸುವುದು, ಅಷ್ಟೆ. ಧನ ವೋಲ್ಟೇಜಿಗೆ ಎಲೆಕ್ಟ್ರಾನುಗಳು ಬರುತ್ತವೆ, ಋಣ ವೋಲ್ಟೇಜಿಗೆ ಅಯಾನುಗಳು.

ಆದರೆ ಹರಿವು ಬಿರುಸಾದಾಗ ಲೆಕ್ಕ ಜಟಿಲವಾಗುತ್ತದೆ. ಗಾಳಿಮಳೆಯಲ್ಲಿ ಗೋಡೆಯ ಒಂದೇ ಮಗ್ಗುಲು ತೋಯುವಂತೆ, ಭಾರವಾದ ಅಯಾನುಗಳು ಲೋಹದ ಒಂದೇ ಕಡೆಗೆ ಬಡಿಯುತ್ತವೆ. ಹಗುರವಾದ ಎಲೆಕ್ಟ್ರಾನುಗಳು ಆ ಗಾಳಿಗಿಂತಲೂ ಚುರುಕು. ಬೆಲ್ಲಕ್ಕೆ ನೊಣಗಳು ಮುತ್ತುವಂತೆ ಎಲ್ಲ ಕಡೆಗಳಿಂದಲೂ ಮುತ್ತುತ್ತವೆ. ಸಾಲದುದಕ್ಕೆ, ಬಿಸಿಲು ತಗುಲಿದ ಲೋಹ ತಾನೇ ಎಲೆಕ್ಟ್ರಾನುಗಳನ್ನು ಉಗುಳುತ್ತದೆ! ಇದನ್ನೆಲ್ಲ ಕಳೆದು ಕೂಡಿಸದೆ ಬರೆದಿಟ್ಟ ಅಂಕಿಗೆ ಬೆಲೆಯಿಲ್ಲ.

2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವಪ್ರದೇಶದ ಸಮೀಪದಲ್ಲಿಳಿದ ‘ವಿಕ್ರಮ್’ ನೌಕೆಯನ್ನು ಬೆಂಗಳೂರಿನ ನಿಯಂತ್ರಣ ಕೇಂದ್ರವು ನಡೆಸುತ್ತಿತ್ತು. ನೌಕೆಯು ತನ್ನ ಮೈಯ ಪ್ರಭಾವ ತಟ್ಟದಿರಲೆಂದು ಒಂದು ಮೀಟರು ಉದ್ದದ ತೋಳನ್ನು ಚಾಚಿತು. ಅದರ ತುದಿಯಲ್ಲಿದ್ದುದು 5 ಸೆಂಟಿಮೀಟರು ವ್ಯಾಸದ ಲೋಹದ ಗುಂಡು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಉಪಕರಣದ ಹೆಸರು ‘ರಂಭಾ’. ಅಪ್ಸರೆಯ ಹೆಸರೇನೋ ಸೊಗಸಾಗಿದೆ. ಆದರೆ ಅದು ಹಿಡಿಯಬೇಕಾಗಿದ್ದ ವಿದ್ಯುತ್ತು ಆಂಪಿಯರಿನ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ಅಲ್ಪ.

ಚಾಂದ್ರ ಹಗಲಿನ ಆರಂಭದಲ್ಲಿ ದೊರೆತ ಪ್ರಾಥಮಿಕ ಅಂದಾಜು ಘನ ಸೆಂಟಿಮೀಟರಿಗೆ 5ರಿಂದ 30 ಎಲೆಕ್ಟ್ರಾನುಗಳೆಂದಿತ್ತು. ಕೂಲಂಕಷವಾಗಿ ಪರಿಶೀಲಿಸಿದ ಮೇಲೆ ಹೊರಬಂದ ಸಂಖ್ಯೆ 380ರಿಂದ 600. ಅವುಗಳ ಉಷ್ಣತೆ 3000ದಿಂದ 8000 ಕೆಲ್ವಿನ್. ಮೊದಲ ಅಂಕಿಗೇ ಜೋತುಬೀಳದ ಈ ತಾಳ್ಮೆ ಮೆಚ್ಚತಕ್ಕದ್ದು. ರೇಡಿಯೋ ಅಲೆಗಳು ಹಾಯ್ದುಹೋಗಬೇಕಾದುದು ಈ ಕಣಗಳ ನಡುವೆಯೇ. ನಾಳೆ ಚಂದ್ರನ ಮೇಲೆ ನಿಂತವನ ಮಾತು ಭೂಮಿಗೆ ಸ್ಪಷ್ಟವಾಗಿ ಕೇಳಬೇಕಾದರೆ ಈ ಲೆಕ್ಕ ಬೇಕು.

ಸೆಪ್ಟೆಂಬರ್ 3ರಂದು ವಿಕ್ರಮ್ ಎಂಜಿನುಗಳನ್ನು ಉರಿಸಿ ಮೊಳದಷ್ಟು ಮೇಲೆ ಜಿಗಿದು, ಮೊಳದಷ್ಟು ದೂರದಲ್ಲಿ ಇಳಿಯಿತು. ರಂಭಾ ಅಲ್ಲಿಯೂ ಅಳತೆ ತೆಗೆದುಕೊಂಡಿತು. ಮರುದಿನ ನೌಕೆಯನ್ನು ನಿದ್ರೆಗೆ ಕಳುಹಿಸಲಾಯಿತು. ಚಂದ್ರನ ದೀರ್ಘ ರಾತ್ರಿ ಕಳೆದ ಮೇಲೆ ಕರೆದರೂ ಅದು ಏಳಲಿಲ್ಲ.