ಅಳತೆಪಟ್ಟಿಗೆ ಸಿಗದ ಕೌದಿ



ಮಳೆಗಾಲ ಮುಗಿದು ಅಂಗಳಕ್ಕೆ ಬಿಸಿಲು ಬಿದ್ದೊಡನೆ ನಮ್ಮ ಘಟ್ಟದ ಮನೆಗಳಲ್ಲಿ ಕೌದಿಗಳು ಹೊರಬರುತ್ತವೆ. ನಾಲ್ಕು ತಿಂಗಳ ಹೊಗೆ, ತೇವ, ಮುಗ್ಗಲು ವಾಸನೆಗಳನ್ನೆಲ್ಲ ಹೊತ್ತ ಅವು ಅಡಿಕೆ ಕೊಯ್ಲಿಗೆ ಮುನ್ನಿನ ಕೆಲವು ದಿನ ಅಂಗಳವನ್ನು ಆಳುತ್ತವೆ. ಅಜ್ಜಿಯ ಸೀರೆಯ ಅಂಚು, ಅಪ್ಪನ ಪಂಚೆಯ ತುಂಡು, ಮಗುವಿನ ಶಾಲೆಯ ಅಂಗಿ ಎಲ್ಲವೂ ಒಂದೇ ಹಾಸಿನಲ್ಲಿ ಕಾಣಸಿಗುತ್ತವೆ. ಕಾಡು, ನದಿ, ಅಣೆಕಟ್ಟುಗಳ ಕುರಿತು ಬರೆಯುವ ಈ ಪತ್ರಿಕೆಯಲ್ಲಿ ಹರಕು ಬಟ್ಟೆಯ ಹೊದಿಕೆಯ ಮಾತೇಕೆ ಎಂದು ಕೆಲವರು ಕೇಳಬಹುದು. ನಾವು ಯಾವುದನ್ನು ಸಂರಕ್ಷಣೆ ಎಂದು ಕರೆಯುತ್ತೇವೆಯೋ ಅದರ ಮೊದಲ ಪಾಠವನ್ನು ನಾನು ಕಲಿತದ್ದು ಕೌದಿಯಿಂದ. ಅದೂ ಒಂದು ತಪ್ಪು ಮಾಡಿದ ಮೇಲೆ.

ನಮ್ಮ ಮನೆಯ ಮೆತ್ತಿನ ಮೇಲೆ ಒಂದು ಸಣ್ಣ ಕೋಣೆಯಿದೆ. ಹಳೆಯ ಕಾಲುಮಣೆಯ ಹೊಲಿಗೆ ಯಂತ್ರ, ಚಿಂದಿ ತುಂಬಿದ ಮರದ ಪೆಟ್ಟಿಗೆ, ದಾರದ ಉಂಡೆಗಳು, ಒಂದು ಚಾಪೆ ಇವಿಷ್ಟು ಅಲ್ಲಿನ ಆಸ್ತಿ. ಪ್ರಯೋಗಾಲಯದ ಕೆಲಸ ಮುಗಿದ ಸಂಜೆಗಳಲ್ಲಿ ಅಲ್ಲಿ ಕುಳಿತು ಹೊಲಿಯುವುದು ನನ್ನ ರೂಢಿ. ಕೆಲವು ವರ್ಷಗಳ ಹಿಂದೆ ಸಂಸ್ಥೆಯೊಂದು ಮಹಿಳೆಯರಿಗಾಗಿ ಕೌದಿ ತರಬೇತಿ ಏರ್ಪಡಿಸಿದಾಗ, ಹೊಲಿಗೆ ಬಲ್ಲ ವಿಜ್ಞಾನಿ ಎಂಬ ಕಾರಣಕ್ಕೆ ಪಾಠಕ್ರಮ ತಯಾರಿಸುವ ಹೊಣೆ ನನಗೆ ಬಂತು. ನಾನು ಬಹು ಶಿಸ್ತಿನಿಂದ ನಕ್ಷೆ ಬರೆದೆ. ಆರು ಅಂಗುಲದ ಚೌಕಗಳು, ಅರ್ಧ ಅಂಗುಲ ಹೊಲಿಗೆಗೆ ಬಿಡುವ ಅಂಚು, ಒಂದು ಸಾಲು ಕಡುಬಣ್ಣ, ಒಂದು ಸಾಲು ತಿಳಿಬಣ್ಣ. ಮೂವತ್ತು ಮಂದಿ ಕತ್ತರಿ ಹಿಡಿದು ಕುಳಿತರು. ಸಂಜೆಯ ಹೊತ್ತಿಗೆ ಚೌಕಗಳು ಸಿದ್ಧವಾಗಿದ್ದವು. ತಂದ ಬಟ್ಟೆಯ ಮೂರರಲ್ಲೊಂದು ಪಾಲು ತುಂಡುತುಂಡಾಗಿ ನೆಲದ ಮೇಲಿತ್ತು.

ಆ ಗುಂಪಿನಲ್ಲಿ ಪಕ್ಕದ ಕಾಡಂಚಿನ ಕೇರಿಯ ಸಿದ್ದಿ ಅಜ್ಜಿಯೊಬ್ಬರಿದ್ದರು. ಅವರು ಚೌಕ ಕತ್ತರಿಸಲಿಲ್ಲ. ನೆಲದ ಮೇಲಿನ ತುಂಡುಗಳನ್ನು ಮಡಿಲಿಗೆ ಹಾಕಿಕೊಂಡು ಮೂಲೆಯಲ್ಲಿ ಹೊಲಿಯುತ್ತ ಕುಳಿತರು. ನಾನು ಹತ್ತಿರ ಹೋದಾಗ ತಲೆಯೆತ್ತದೆಯೇ ಹೇಳಿದರು: "ಚೌಕ ಮಾಡೂಕೆ ಬಟ್ಟೆ ಹರಿಯೂದು ಯಾಕೆ ಅಮ್ಮಾ? ಹರಿದದ್ದನ್ನ ಜೋಡ್ಸೂಕೆ ಅಲ್ವಾ ಕೌದಿ?"

ಉತ್ತರ ಹೊಳೆಯಲಿಲ್ಲ. ತರಬೇತಿಯ ಕೊನೆಯ ದಿನಕ್ಕೆ ನಮ್ಮ ಚೌಕಗಳು ಇನ್ನೂ ಜೋಡಣೆಯಲ್ಲಿದ್ದವು. ನಾವು ಬಿಸಾಡಿದ ತುಂಡುಗಳಿಂದ ಅಜ್ಜಿ ಒಂದು ಕೂಸಿನ ಕೌದಿಯನ್ನು ಮುಗಿಸಿದ್ದರು.

ಅವರ ಕ್ರಮವನ್ನು ವಿದ್ಯಾರ್ಥಿಗಳಿಗಾಗಿ ಇಲ್ಲಿ ವಿವರಿಸುತ್ತೇನೆ. ಹಳೆಯ ಹತ್ತಿ ಸೀರೆಯೊಂದನ್ನು ಅಡಿಗೆ ಹಾಸಾಗಿ ಹರಡುತ್ತಾರೆ. ಹೊಲಿಗೆ ಒಂದು ಮೂಲೆಯಿಂದ ಆರಂಭವಾಗಿ ಅಂಚನ್ನು ಹಿಡಿದು ಸುತ್ತುತ್ತದೆ. ತುಂಡಿನ ಅಂಚನ್ನು ಬೆರಳಿನಿಂದಲೇ ಒಳಮಡಿಸಿ, ಎಲ್ಲ ಪದರಗಳನ್ನೂ ಸೇರಿಸಿ, ದಪ್ಪ ದಾರದಲ್ಲಿ ನೇರ ಸಾಲಿನ ಹೊಲಿಗೆ ಹಾಕುತ್ತ ಹೋಗುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ನಡುವಿಗೆ ಬಂದು ನಿಲ್ಲುತ್ತದೆ. ಜೋಡಣೆ, ಪದರ, ಹೊಲಿಗೆ ಮೂರೂ ಒಂದೇ ಕಾಲಕ್ಕೆ ನಡೆಯುವುದರಿಂದ ಮುಂಚಿತವಾಗಿ ನಕ್ಷೆ ಬೇಕಿಲ್ಲ. ಮುಂದಿನ ತುಂಡು ಯಾವುದು ಎಂಬುದನ್ನು ಈಗ ಹೊಲಿದ ತುಂಡಿನ ಅಗಲ, ಬಣ್ಣ, ಸವೆತಗಳು ನಿರ್ಧರಿಸುತ್ತವೆ. ಸವೆದ ಜಾಗಕ್ಕೆ ಇನ್ನೊಂದು ಪದರ ಬೀಳುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿದ 'ಫೂಲ'ಗಳನ್ನು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆ ಎಂಬುದು ಸಿದ್ದಿ ಹೆಂಗಸರ ಮಾತು.

ಇದನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ತೋಟ. ಅಡಿಕೆ ಮರವೊಂದು ಬಿದ್ದ ತೆರವಿಗೆ ಬಾಳೆ, ನೆರಳು ಹೆಚ್ಚಿದಲ್ಲಿ ಏಲಕ್ಕಿ, ನಿಂತ ಮರಕ್ಕೆ ಕಾಳುಮೆಣಸಿನ ಬಳ್ಳಿ, ನೀರು ಇಳಿಯುವ ಕಡೆ ಬಸಿಗಾಲುವೆ. ಯಾವ ಹಿರಿಯನೂ ಇದನ್ನು ಕಾಗದದ ಮೇಲೆ ಬರೆದುಕೊಂಡು ಮಾಡಲಿಲ್ಲ. ಕೃಷಿ ವಿಜ್ಞಾನ ನನಗೆ ಸಮ ಅಳತೆಯ ಪ್ರಯೋಗ ತಾಕುಗಳನ್ನು ಕಲಿಸಿತು. ಹೋಲಿಸಿ ಸತ್ಯ ತಿಳಿಯಲು ಅವು ಬೇಕೇ ಬೇಕು. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ತಿಳಿಯುವ ಉಪಕರಣವನ್ನೇ ಬದುಕುವ ವಿಧಾನವೆಂದು ಭಾವಿಸಿದಾಗ ಅನಾಹುತವಾಗುತ್ತದೆ. 1980ರ ದಶಕದಿಂದ ನಮ್ಮ ಗುಡ್ಡಗಳ ಮೇಲೆ ಸಾಲುಸಾಲಾಗಿ ನಿಂತ ಅಕೇಶಿಯಾ ತೋಪುಗಳು ಅಂಥ ಅಳತೆಪಟ್ಟಿಯ ಕೆಲಸವೇ. ನಕ್ಷೆ ಮೊದಲು, ನೆಲ ಆಮೇಲೆ. ಕೌದಿಯಲ್ಲಿ ಕೈಗೆ ಸಿಕ್ಕ ಬಟ್ಟೆ ಮೊದಲು, ವಿನ್ಯಾಸ ಆಮೇಲೆ. ನಾನು ಆ ತರಬೇತಿಯಲ್ಲಿ ಮಾಡಿದ್ದೂ ಅಕೇಶಿಯಾ ತೋಪಿನ ಕೆಲಸವನ್ನೇ ಎಂಬುದು ತಡವಾಗಿ ಅರಿವಾಯಿತು.

ಈ ಹೊಲಿಗೆಯ ಹಿಂದೆ ದೊಡ್ಡದೊಂದು ಚರಿತ್ರೆಯಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರಲ್ಲಿ ಬಹುಪಾಲು ಜನ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ಬಂದಿಳಿದವರು. ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡು ಸೇರಿದವರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಆಫ್ರಿಕದಿಂದ ಒಯ್ಯಲ್ಪಟ್ಟ ಇನ್ನೊಂದು ಜನಸಮೂಹ ಅಟ್ಲಾಂಟಿಕ್ ಸಾಗರದಾಚೆ, ಅಮೆರಿಕದ ದಕ್ಷಿಣ ಸಂಸ್ಥಾನಗಳ ಹತ್ತಿ ಹೊಲಗಳಲ್ಲಿ ಗುಲಾಮರಾಗಿ ದುಡಿಯಿತು. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಆ ಹತ್ತಿ ಗಾಡಿಗಳಲ್ಲಿ ಇದೇ ಘಟ್ಟವಿಳಿದು ಕುಮಟೆಯ ಬಂದರು ಸೇರುತ್ತಿತ್ತು. ವ್ಯಾಪಾರಿಗಳು ಅದನ್ನು 'ಕುಮಟಾ ಹತ್ತಿ' ಎಂದೇ ಕರೆಯುತ್ತಿದ್ದರು. ಒಂದೊಂದು ಚಿಂದಿಯ ಹಿಂದೆಯೂ ಯಾರದೋ ಬೆವರಿನ ಇಂಥ ಕಥೆಯಿರುತ್ತದೆ.

ಅಮೆರಿಕದ ಆ ಜನರೂ ಚಿಂದಿಯ ಹೊದಿಕೆ ಹೊಲಿದರು. ಅಲಬಾಮಾ ಸಂಸ್ಥಾನದಲ್ಲಿ ನದಿಯೊಂದರ ತಿರುವಿನಲ್ಲಿರುವ ಗೀಸ್ ಬೆಂಡ್ ಎಂಬ ಹಳ್ಳಿಯ ಹೆಂಗಸರು ಹೊಲದಲ್ಲಿ ತೊಟ್ಟು ಸವೆದ ಷರಾಯಿ, ಅಂಗಿ, ಹಿಟ್ಟಿನ ಚೀಲಗಳನ್ನು ನಕ್ಷೆಯಿಲ್ಲದೆ ಜೋಡಿಸಿದರು. 1966ರಲ್ಲಿ, ನಾಗರಿಕ ಹಕ್ಕುಗಳ ಹೋರಾಟದ ಕಾವಿನಲ್ಲಿ, ಆ ಸೀಮೆಯ ಮಹಿಳೆಯರು 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಕಟ್ಟಿದರು. ಸ್ವಂತ ಗಳಿಕೆ ಬಂತು, ಸ್ವಾಭಿಮಾನವೂ ಬಂತು. ಆದರೆ ದೊಡ್ಡ ಅಂಗಡಿಗಳು ಕೇಳಿದ್ದು ಒಂದರಂತೆ ಇನ್ನೊಂದಿರುವ ಸರಕನ್ನು. 1972ರಲ್ಲಿ ಸಿಯರ್ಸ್ ಎಂಬ ವ್ಯಾಪಾರ ಸಂಸ್ಥೆಗೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಹೊದಿಕೆಗಳನ್ನು ಹೊಲಿದುಕೊಡುವ ಕೆಲಸ ಸಿಕ್ಕಿತು. ಸಂಘದಲ್ಲಿ ಎಲ್ಲವೂ ಅಳತೆಯಂತೆ. ಮಿಕ್ಕ ಚೂರುಗಳನ್ನು ಹೆಂಗಸರು ಮನೆಗೊಯ್ದು ತಮ್ಮ ಮನಸ್ಸಿಗೆ ಬಂದಂತೆ ಹೊಲಿದರು. 2002ರಲ್ಲಿ ಹ್ಯೂಸ್ಟನ್ ಮತ್ತು ನ್ಯೂಯಾರ್ಕ್ ನಗರಗಳ ಕಲಾಸಂಗ್ರಹಾಲಯಗಳಲ್ಲಿ ಆ ಹಳ್ಳಿಯ ಹೊದಿಕೆಗಳನ್ನು ಗೋಡೆಗೆ ತೂಗಿದಾಗ ಜನ ಬೆರಗಾದದ್ದು ಮನೆಯ ಆ ಹೊಲಿಗೆಗೆ.

ನಮ್ಮಲ್ಲೂ ಇದಕ್ಕೆ ಹತ್ತಿರದ ಸಂಗತಿ ನಡೆದಿದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಗುಂಪು ರೂಪುಗೊಂಡಿತು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕ್‌ನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಹಿರಿಮೆಯ ಸಂಗತಿಯೇ ಸರಿ. ಆದರೆ ದೂರದ ಪ್ರದರ್ಶನದಲ್ಲಿ ಕಲೆಯೆನಿಸಿಕೊಂಡದ್ದು ನಮ್ಮೂರಿನ ಕಡತದಲ್ಲಿ ಏನಾಗಿದೆ? ನಾನು ಹೇಳಿದ ತರಬೇತಿಯ ದಾಖಲೆಯಲ್ಲಿ ನನ್ನ ಹೆಸರು 'ಸಂಪನ್ಮೂಲ ವ್ಯಕ್ತಿ'ಗಳ ಪಟ್ಟಿಯಲ್ಲಿತ್ತು, ಅಜ್ಜಿಯ ಹೆಸರು 'ಫಲಾನುಭವಿ'ಗಳ ಪಟ್ಟಿಯಲ್ಲಿ. ನನಗೆ ಗೌರವಧನ, ಅವರಿಗೆ ಊಟ ಮತ್ತು ಬಸ್ಸಿನ ಖರ್ಚು. ಆ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಕಲಿಸಿದವರು ಯಾರು, ಕಲಿತವರು ಯಾರು ಎಂಬುದು ಆ ಮೂವತ್ತು ಮಂದಿಗೂ ಗೊತ್ತಿತ್ತು.

ಇನ್ನು ಬಟ್ಟೆಯ ವಿಚಾರ. ಕೌದಿಗೆ ಇಂದು ಒದಗಿರುವ ನಿಜವಾದ ಆಪತ್ತು ಇಲ್ಲಿದೆ. ಒಂದು ಕಿಲೋ ಹತ್ತಿ ಬಟ್ಟೆಗೆ, ಹೊಲದಿಂದ ಹಿಡಿದು ಬಣ್ಣ ಹಾಕುವವರೆಗೆ, ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ತಗಲುತ್ತದೆಂದು ತಜ್ಞರ ಲೆಕ್ಕ. ನಮ್ಮ ಮನೆಯ ಕೌದಿಯೊಂದು ತಕ್ಕಡಿಯಲ್ಲಿ ಎರಡೂವರೆ ಕಿಲೋ ತೂಗಿತು. ಅಂದರೆ 25,000 ಲೀಟರ್ ನೀರು ಆಗಲೇ ಖರ್ಚಾಗಿ, ಇನ್ನೂ ಇಪ್ಪತ್ತು ವರ್ಷ ಕೆಲಸ ಮಾಡುತ್ತಿದೆ. ನಮ್ಮ ಘಟ್ಟದಲ್ಲಿ ಹತ್ತಿ ಬೆಳೆಯುವುದಿಲ್ಲ; ಬಯಲುಸೀಮೆಯ ರೈತನ ನೀರನ್ನೂ ಮಣ್ಣನ್ನೂ ನಾವು ತೊಡುತ್ತಿದ್ದೇವೆ. ಅದನ್ನು ಬೇಗನೆ ಎಸೆಯುವ ಹಕ್ಕು ನಮಗಿಲ್ಲ.

ಆದರೆ ಈಗ ನಮ್ಮ ಪೆಟ್ಟಿಗೆಗಳಲ್ಲಿ ತುಂಬುತ್ತಿರುವುದು ಪಾಲಿಯೆಸ್ಟರ್. ಒಣಗಲು ಸುಲಭ, ಬೆಲೆ ಕಡಿಮೆ. ಮಳೆನಾಡಿನ ಬಡವರು ಅದನ್ನು ಕೊಂಡರೆ ತಪ್ಪೆನ್ನಲಾಗದು. ಕೌದಿಗೆ ಮಾತ್ರ ಅದು ಹೊಂದುವುದಿಲ್ಲ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹಿಡಿದುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ 0.4ರಷ್ಟನ್ನು ಮಾತ್ರ, ಮೈಯ ಬೆವರು ಹಾಗೆಯೇ ಉಳಿದು ಅಂಟುತ್ತದೆ. ಬಚ್ಚಲ ಒಲೆಯ ಮೇಲೆ ಕೌದಿ ಒಣಗಿಸುವ ನಮ್ಮ ಮನೆಗಳಲ್ಲಿ ಅದು ಕರಗಿ ಚರ್ಮಕ್ಕೆ ಅಂಟುವ ಅಪಾಯ ಬೇರೆ. ಹೊಳೆಯಲ್ಲಿ ಒಗೆದಾಗ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರು ಸೇರುತ್ತವೆ. ಹತ್ತಿಯ ಹಳೆಯ ಚೂರು ಗೊಬ್ಬರಗುಂಡಿಯಲ್ಲಿ ಮಣ್ಣಾಗುತ್ತದೆ, ಪಾಲಿಯೆಸ್ಟರ್ ಮಣ್ಣಾಗುವುದಿಲ್ಲ. ಊರಾಚೆಯ ಹಳ್ಳದ ಬೇಲಿಗೆ ಸಿಕ್ಕಿಕೊಂಡ ಹಳೆಯ ಸೀರೆಗಳನ್ನು ನೀವೂ ನೋಡಿರಬಹುದು.

ಹಾಗಾದರೆ ಮಾಡಬೇಕಾದ್ದೇನು? ನಮ್ಮ ಒಕ್ಕೂಟದ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ.

ಮೊದಲನೆಯದು, ಪ್ರತಿ ಊರಿನ ಶಾಲೆಯಲ್ಲಿ ಹಳೆಯ ಬಟ್ಟೆಗೆ ಎರಡು ಚೀಲಗಳಿರಲಿ: ಒಂದು ಹತ್ತಿಗೆ, ಇನ್ನೊಂದು ಉಳಿದದ್ದಕ್ಕೆ. ಯಾವುದು ಯಾವುದೆಂದು ಅನುಮಾನ ಬಂದರೆ ಹಿರಿಯರ ಎದುರು ಒಂದೆಳೆಯನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ ನೋಡಬಹುದು. ಹತ್ತಿ ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ, ಕರಗಿ, ಗಟ್ಟಿ ಮಣಿಯಾಗುತ್ತದೆ. ಎರಡೂ ಬೆರೆತ ಟೆರಿಕಾಟ್‌ನಲ್ಲಿ ಬೂದಿಯೂ ಮಣಿಯೂ ಕಾಣುತ್ತವೆ. ಎರಡನೆಯ ಚೀಲದ್ದು ಕೌದಿಯ ಬದಲು ಕೈಚೀಲ, ಕಾಲೊರಸುಗಳಿಗೆ ಹೋಗಲಿ.

ಎರಡನೆಯದು, ವಿದ್ಯಾರ್ಥಿಗಳು ತಿಂಗಳಿಗೆ ಒಂದು ಮಧ್ಯಾಹ್ನ ಕೌದಿ ಬಲ್ಲ ಹಿರಿಯರ ಬಳಿ ಕುಳಿತುಕೊಳ್ಳಲಿ. ನನ್ನ ಮೆತ್ತಿನ ಕೋಣೆ ಅದಕ್ಕೆ ತೆರೆದಿದೆ; ಕತ್ತರಿ, ಸೂಜಿ, ದಾರ ಅಲ್ಲಿವೆ, ಅಳತೆಪಟ್ಟಿ ಬೇಕಿಲ್ಲ. ಯಾವ ತುಂಡು ಯಾರ ಬಟ್ಟೆಯದೆಂದು ಕೇಳಿ ಬರೆದಿಡಲಿ. ಅದು ಊರಿನ ಚರಿತ್ರೆಯೂ ಆಗುತ್ತದೆ.

ಮೂರನೆಯದು, ಕಲಿಸುವ ಹಿರಿಯರ ಹೆಸರು ಕಡತದಲ್ಲಿ ಗುರುಗಳ ಜಾಗದಲ್ಲಿ ಬರಲಿ, ಗೌರವಧನವೂ ಅವರಿಗೇ ಸಲ್ಲಲಿ. ನಮ್ಮ ಒಕ್ಕೂಟ ಇದನ್ನು ನಿಯಮವಾಗಿ ಬರೆದುಕೊಳ್ಳಬೇಕು.

ನಾಲ್ಕನೆಯದು, ಮಾರಾಟದ ವಿಷಯ. ಮಾರಬಾರದೆಂದು ನಾನು ಹೇಳುವುದಿಲ್ಲ. ಹಸಿದವರಿಗೆ ಪರಂಪರೆಯ ಉಪದೇಶ ಮಾಡುವುದು ಅನ್ಯಾಯ. ದೊಡ್ಡ ಕೌದಿಯೊಂದಕ್ಕೆ ವಾರಗಟ್ಟಲೆ ಕೈ ದುಡಿಯುತ್ತದೆ. ಎಷ್ಟು ಹೊತ್ತು ಹಿಡಿಯಿತೆಂದು ಲೆಕ್ಕವಿಟ್ಟು, ತೋಟದ ಕೂಲಿಗಿಂತ ಕಡಿಮೆಯಾಗದಂತೆ ಬೆಲೆ ಕಟ್ಟೋಣ. ಕೊಳ್ಳುವವರು ಉದ್ದ ಅಗಲ ಹೇಳಲಿ, ಹತ್ತಿಯೇ ಬೇಕೆನ್ನಲಿ. ಬಣ್ಣ, ಜೋಡಣೆಗಳು ಹೊಲಿಯುವವರಿಗೆ ಬಿಟ್ಟದ್ದು. ಮೊದಲಿನದರಂತೆಯೇ ಇನ್ನೊಂದು ಬೇಕೆನ್ನುವವರಿಗೆ ಕಾರ್ಖಾನೆಯ ಕಂಬಳಿಗಳಿವೆ.

ನನ್ನ ಚೌಕಗಳ ಕೌದಿ ಕೊನೆಗೂ ಪೂರ್ಣವಾಗಲಿಲ್ಲ. ಕಳೆದ ಚಳಿಗಾಲ ಅದನ್ನು ಬಿಚ್ಚಿ ಅಜ್ಜಿಯ ಮುಂದೆ ಇಟ್ಟೆ. ಅವರು ಒಂದೊಂದನ್ನೂ ತಿರುಗಿಸಿ ನೋಡಿ, "ಬಟ್ಟೆ ಚಲೋ ಉಂಟು" ಎಂದರು. ಅಂಚಿನಿಂದ ಆರಂಭಿಸಿದ್ದೇವೆ, ಎರಡು ಸುತ್ತು ಮುಗಿದಿದೆ. ಅಡಿಕೆ ಕೊಯ್ಲಿನ ಬಿಡುವಿನಲ್ಲಿ ಆಸಕ್ತರು ಬಂದು ಕೈಜೋಡಿಸಬೇಕೆಂದು ಕೋರುತ್ತೇನೆ.